ಗಡಿಯಾಚೆಯ ಗದ್ದೆ

ನಮ್ಮಪ್ಪನ ಲೆಕ್ಕದಲ್ಲಿ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಪರದೇಶ. ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ. ಆಚೆ ಕಡೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಅನ್ನದ ಅಗುಳು ದಪ್ಪ, ಕಾಫಿ ಕೇಳಿದರೆ ಹಾಲಿಲ್ಲದ ಚಹಾ ಬರುತ್ತದೆ, ಕಂದಾಯ ಕಚೇರಿಯ ಹೆಸರೇ ಬೇರೆ. ಪರದೇಶ ಅನ್ನಿಸಿಕೊಳ್ಳಲು ಇನ್ನೇನು ಬೇಕು ಎನ್ನುವುದು ಅವರ ಪ್ರಶ್ನೆ. ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ರಾಜ್ಯ ಎಂದರೇನು, ದೇಶ ಎಂದರೇನು ಎಂದು ವರ್ಷಾವರ್ಷ ಬೇರೆಯವರ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ಮನೆಯಲ್ಲಿ ಆ ಪಾಠ ನಡೆಯುವುದಿಲ್ಲ.

ಆ ಪರದೇಶಕ್ಕೆ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಎನ್ನುವುದು ಮರ್ಯಾದೆಯ ಮಾತು, ಅವಳೇ ಹೋದದ್ದು. ನಮ್ಮೂರು ಬೆಟ್ಟದಪುರದ ಹತ್ತಿರ. ಹೊಗೆಸೊಪ್ಪು, ರಾಗಿ, ಜೋಳ ಬೆಳೆಯುವ ಹೊಲ. ಗಂಡು ಮಕ್ಕಳಿಲ್ಲ, ನಾವಿಬ್ಬರೇ. ಅವ್ವ ತೀರಿಕೊಂಡ ಮೇಲೆ ಅಪ್ಪ, ತಂಗಿ ಇಬ್ಬರೇ ಮನೆಯಲ್ಲಿದ್ದರು. ಆಗ ಮಾನಂದವಾಡಿ ಕಡೆಯ ಒಬ್ಬ ಹುಡುಗ ಪಕ್ಕದ ಹೊಲವನ್ನು ಶುಂಠಿಗೆಂದು ಗುತ್ತಿಗೆ ಹಿಡಿದ. ನಮ್ಮ ಕಡೆ ಶುಂಠಿ ಹಾಕುವವರು ಬಹುಪಾಲು ಅಲ್ಲಿಯವರೇ, ಅದರಲ್ಲಿ ವಿಶೇಷವೇನಿಲ್ಲ. ಅವನು ಎರಡು ಬೆಳೆ ತೆಗೆದ. ಎರಡನೆಯ ಸಲ ಶುಂಠಿ ಕಿತ್ತು ಹೊರಟಾಗ ನನ್ನ ತಂಗಿಯೂ ಜೊತೆಯಲ್ಲಿ ಹೊರಟಳು. ಅಪ್ಪ ಬಹಳ ದಿನ ಮಾತು ಬಿಟ್ಟರು. ಆಮೇಲೆ ಒಂದು ದಿನ ನನಗೆ ಫೋನ್ ಮಾಡಿ, "ಆ ಹುಡುಗ ಬದು ಚೆನ್ನಾಗಿ ಕಟ್ತಿದ್ದ ಕಣವ್ವ" ಎಂದರು. ಅಲ್ಲಿಗೆ ಮದುವೆ ಒಪ್ಪಿಗೆಯಾಯಿತು ಎಂದು ನಾವು ತಿಳಿದುಕೊಂಡೆವು.

ಒಪ್ಪಿಗೆಯಾಗದೆ ಉಳಿದದ್ದು ಊಟ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟುವುದಿಲ್ಲ. ಅವರ ಮನೆಯಲ್ಲಿ ಮೀನಿಲ್ಲದ ದಿನ ಹಬ್ಬದ ದಿನ ಮಾತ್ರ. ಅತ್ತೆ, ಇಬ್ಬರು ಓರಗಿತ್ತಿಯರು, ಅವರ ಮಕ್ಕಳು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಜನ ಒಳ್ಳೆಯವರು. ಮೊದಲ ವಾರವೇ ಅತ್ತೆ ಹಿತ್ತಿಲ ಜಗಲಿಯಲ್ಲಿ ನನ್ನ ತಂಗಿಗೆ ಪ್ರತ್ಯೇಕ ಒಲೆ ಹಾಕಿಸಿಕೊಟ್ಟರು. ಇವಳು ಆ ಒಲೆಯಲ್ಲಿ ತನ್ನ ಪಾಡಿಗೆ ಹುರುಳಿ ಸಾರು ಕಾಯಿಸಿಕೊಳ್ಳುತ್ತಾಳೆ, ಗೋಡೆಯ ಆಚೆ ಮತ್ತಿ ಮೀನು ಹುರಿಯುತ್ತದೆ. ವಾಸನೆಗೆ ಮಾತ್ರ ಯಾರೂ ಪ್ರತ್ಯೇಕ ಜಾಗ ಮಾಡಿಕೊಡಲು ಆಗಲಿಲ್ಲ.

ಅಪ್ಪ ಮಗಳನ್ನು ನೋಡಲು ಹೋಗುತ್ತಿದ್ದರು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಾರು ಹತ್ತುತ್ತಿದ್ದರು. ಎಚ್.ಡಿ. ಕೋಟೆ, ಅಂತರಸಂತೆ, ಆಮೇಲೆ ಕಾಡು, ಆಮೇಲೆ ಬಾವಲಿ. ಅವಳ ಮನೆ ಮುಂದೆ ಕಾರು ನಿಂತರೆ ನಾನು ಒಳಗೆ ಹೋಗುತ್ತಿದ್ದೆ, ಅಪ್ಪ ಇಳಿಯುತ್ತಿರಲಿಲ್ಲ. ತಂಗಿ ಬಂದು ಕಾರಿನ ಕಿಟಕಿ ಹಿಡಿದು ನಿಂತು ಮಾತಾಡುತ್ತಿದ್ದಳು. ಅವಳ ಅತ್ತೆ ಚಹಾ ತಂದರೆ ಅಪ್ಪ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು, ಆ ನಮಸ್ಕಾರದಲ್ಲಿ ಗೌರವವೂ ಇತ್ತು, ಬೇಡ ಎನ್ನುವುದೂ ಇತ್ತು. ವಾಪಸು ಬರುವಾಗ ದಾರಿಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ಮಗಳ ಮನೆಗೆ ಹೋಗಿ ಮಗಳ ಕೈಯಲ್ಲಿ ಒಂದು ಲೋಟ ನೀರು ಕುಡಿಯದೆ ಬರುವ ಮನುಷ್ಯನ ಪಕ್ಕದಲ್ಲಿ ಕೂತು ಕಾರು ಓಡಿಸುವುದು ಸುಲಭವಲ್ಲ. ನನಗೆ ಸಿಟ್ಟು ಬರುತ್ತಿತ್ತು, ಗೇರಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಹೀಗೇ ಒಂದು ಭಾನುವಾರ ತಂಗಿ ಕಿಟಕಿ ಹಿಡಿದುಕೊಂಡೇ ಅತ್ತುಬಿಟ್ಟಳು. ದೊಡ್ಡ ಅಳುವಲ್ಲ. "ನನ್ನ ಮನೇಲಿ ಒಂದ್ಸಲ ಉಣ್ಣಿ ಅಪ್ಪಾಜಿ" ಎಂದಳು.

ಅಪ್ಪ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟರು. "ನಿಂದೇ ಅಂತ ಒಂದು ಮನೆ ಆಗ್ಲಿ ಕಣವ್ವ. ಒಲೆ ನಿಂದೇ ಆಗ್ಲಿ. ಅವತ್ತು ಬಂದು ಕೂತ್ಕಂಡು ಉಣ್ತೀನಿ. ಜಾಗ ನಾನೇ ತಗಂಡು ಕೊಡ್ತೀನಿ."

ಹಾಗೆ ನಮ್ಮಪ್ಪ ಪರದೇಶದಲ್ಲಿ ಜಾಗ ಕೊಳ್ಳಲು ಹೊರಟರು.

ಅಪ್ಪ ಜಾಗ ನೋಡುವುದರಲ್ಲಿ ಹೆಸರುವಾಸಿ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಯಾರು ಜಮೀನು ಕೊಳ್ಳುವುದಿದ್ದರೂ ಮೊದಲು ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅವರು ಗಡಿಬಿಡಿ ಮಾಡುವುದಿಲ್ಲ. ಮೊದಲು ಹುಲ್ಲು ನೋಡುತ್ತಾರೆ, ಆಮೇಲೆ ಮಣ್ಣನ್ನು ನಾಲಿಗೆಯ ತುದಿಗೆ ಹಚ್ಚಿಕೊಳ್ಳುತ್ತಾರೆ, ಆಮೇಲೆ ಆ ಊರಿನ ಚಹಾದಂಗಡಿಯಲ್ಲಿ ಕೂತು ಅಕ್ಕಪಕ್ಕದ ಹೊಲದವರಲ್ಲಿ ಯಾರ ಮೇಲೆ ಯಾರು ಕೇಸು ಹಾಕಿದ್ದಾರೆ ಎಂದು ಕೇಳಿಸಿಕೊಳ್ಳುತ್ತಾರೆ. ಕಾನೂನೂ ಗೊತ್ತು. ಕಾಡಿನಂಚಿನ ಹಾಡಿಗಳ ಆದಿವಾಸಿಗಳಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಕೊಳ್ಳಬಾರದು, ಕೊಂಡರೂ ದಕ್ಕುವುದಿಲ್ಲ. ಎನ್. ಬೇಗೂರಿನ ಕಡೆ ಕಾಡಿಗೆ ಅಂಟಿಕೊಂಡ ಜಾಗದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎನ್ನುವುದು ಅವರಿಗೆ ಬಾಯಿಪಾಠ. ಕೆ.ಆರ್. ನಗರದ ಒಬ್ಬ ರೈಸ್‌ಮಿಲ್ ಸಾಹುಕಾರರು ಅಂತರಸಂತೆಯ ಆಚೆ ಹಿನ್ನೀರು ಕಾಣುವ ಜಾಗ ಹಿಡಿದು ರೆಸಾರ್ಟ್ ಮಾಡುವ ಆಸೆಯಲ್ಲಿದ್ದರು. ಅಪ್ಪ ಹೋಗಿ ನೋಡಿ, "ಇಲ್ಲಿ ಪಾಯ ತೆಗುದ್ರೆ ಫಾರೆಸ್ಟಿನೋರು ಬತ್ತಾರೆ, ಅವ್ರು ಬರ್ದಿದ್ರೆ ಆನೆ ಬತ್ತದೆ" ಎಂದು ಹೇಳಿ ಎದ್ದು ಬಂದರು. ಸಾಹುಕಾರರು ಬಿಟ್ಟರು. ಅದೇ ಜಾಗವನ್ನು ಮೈಸೂರಿನ ಇನ್ನೊಬ್ಬರು ಕೊಂಡರು, ಈಗ ಅಲ್ಲಿ ಅರ್ಧ ಎದ್ದ ಗೋಡೆಗಳ ನಡುವೆ ಮೇಕೆಗಳು ಮಲಗುತ್ತವೆ.

ಅಪ್ಪನ ಇನ್ನೊಂದು ನಿಯಮವೂ ಇದೆ, ಅದು ನಮ್ಮ ಕಡೆಯ ಎಲ್ಲರ ನಿಯಮವೇ. ಜಮೀನು ನೋಡಲು ಹೋದಾಗ ಅದು ಯಾತಕ್ಕೆ ಬೇಕು ಎಂದು ಬಾಯಿ ಬಿಡಬಾರದು. ಮನೆ ಕಟ್ಟಲು ಎಂದರೆ ಬೆಲೆ ಏರುತ್ತದೆ, ಮಗಳಿಗೆ ಎಂದರೆ ಇನ್ನೂ ಏರುತ್ತದೆ, ಅವಸರ ಇದೆ ಎಂದು ಗೊತ್ತಾದರಂತೂ ಮುಗಿಯಿತು. ಕೇಳಿದವರಿಗೆಲ್ಲ ಒಂದೇ ಉತ್ತರ: "ಏನೋ, ಬೇಸಾಯ ಮಾಡ್ಕಳಕ್ಕೆ." ನಮ್ಮೂರಿನಲ್ಲಿ ಪೆಟ್ರೋಲ್ ಬಂಕ್ ಹಾಕಿದವರು ಕೂಡ ಆ ಜಾಗವನ್ನು ಕೊಂಡಿದ್ದು ಅವರೆಕಾಯಿ ಬೆಳೆಯಲು.

ಜಾಗ ಹುಡುಕುವ ಕೆಲಸ ಅಳಿಯನ ಮೇಲೆ ಬಿತ್ತು. ನಮ್ಮಲ್ಲಿ ಮಾವನೂ ಅಳಿಯನೂ ಕೂತು ಮಾತಾಡುವುದು ಕಡಿಮೆ. ಅಳಿಯನಿಗೆ ಮಾವ ಬಹುವಚನ ಹಾಕುತ್ತಾರೆ, ಅಳಿಯ ಮಾವನೆದುರು ನಿಂತೇ ಇರುತ್ತಾನೆ. ಮೊದಲು ಬಹಳ ದಿನ ಮಾತಿಲ್ಲದೆ ಇದ್ದವರಾದ್ದರಿಂದ ಇವರಿಬ್ಬರ ಮಧ್ಯೆ ಮರ್ಯಾದೆ ಇನ್ನೂ ಒಂದು ಕೈ ಜಾಸ್ತಿ. ಅಪ್ಪ ಹೇಳಿದ್ದು ಇಷ್ಟೇ: "ಅಳೀಂದ್ರೆ, ಒಂದು ಒಳ್ಳೆ ಜಾಗ ನೋಡಿ. ಗದ್ದೆ ಆದ್ರೆ ಚೆಂದ." ಅಳಿಯ "ಆಗ್ಲಿ ಮಾವ" ಎಂದ. ಯಾತಕ್ಕೆ ಎಂದು ಅವನು ಕೇಳಲಿಲ್ಲ, ಕೇಳಬಾರದು. ಇವರು ಹೇಳಲಿಲ್ಲ, ಹೇಳಬಾರದು. ಕಾರಿನ ಕಿಟಕಿಯಲ್ಲಿ ಆಡಿದ ಮಾತನ್ನು ತಂಗಿಗೂ ನನಗೂ ಹೊರಗೆ ಆಡಬೇಡಿ ಎಂದು ಅಪ್ಪ ತಾಕೀತು ಮಾಡಿದ್ದರು. ಗಂಡನ ಹತ್ತಿರವೂ ಹೇಳಬೇಡ, ಅವನು ತನ್ನ ಅವ್ವನ ಹತ್ತಿರ ಹೇಳುತ್ತಾನೆ, ಅವಳು ಬಾವಿಕಟ್ಟೆಯಲ್ಲಿ ಹೇಳುತ್ತಾಳೆ ಎಂದು ತಂಗಿಗೆ ಬಿಡಿಸಿ ಬಿಡಿಸಿ ಹೇಳಿದ್ದರು.

ಗದ್ದೆಯೇ ಯಾಕೆ ಎಂದರೆ ಅದಕ್ಕೆ ನಮ್ಮ ಅಜ್ಜಿಯ ಕಾಲದ ಕಾರಣ ಇದೆ. ಅಪ್ಪನ ತಾಯಿಯ ತವರು ಕೆ.ಆರ್. ನಗರದ ನಾಲೆಯ ಕೆಳಗಿನ ಊರು. ಅಲ್ಲಿಯವರಿಗೆ ಗದ್ದೆ ಇತ್ತು, ನಮಗೆ ಬರೀ ಹೊಲ. ಹಬ್ಬಕ್ಕೆ ಹೋದಾಗ ಅಲ್ಲಿಯ ನೆಂಟರು, ಪಾಪ ರಾಗಿ ತಿನ್ನುವ ಮಕ್ಕಳು ಎಂದು ಅಪ್ಪನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕುತ್ತಿದ್ದರಂತೆ. ಆ ಒಂದು ಸೌಟು ಅನ್ನವನ್ನು ಅಪ್ಪ ಇವತ್ತಿಗೂ ಮರೆತಿಲ್ಲ. ಅವರ ಮನಸ್ಸಿನಲ್ಲಿ ಭೂಮಿಯ ಮೆಟ್ಟಿಲು ಗಟ್ಟಿಯಾಗಿದೆ: ಕೆಳಗೆ ಬೀಳು, ಅದರ ಮೇಲೆ ಹೊಲ, ಅದರ ಮೇಲೆ ತೋಟ, ಎಲ್ಲಕ್ಕಿಂತ ಮೇಲೆ ಗದ್ದೆ. ಗದ್ದೆ ಇದ್ದವನು ಬೇಕಾದ್ದು ಮಾಡಬಹುದು. ಕೆ.ಆರ್. ನಗರದ ಸುತ್ತ ನಾಲೆ ಪಕ್ಕದ ಗದ್ದೆಗಳಲ್ಲಿ ಸಾಲಾಗಿ ಎದ್ದು ನಿಂತ ಮನೆಗಳನ್ನು ಅವರು ಕಣ್ಣಾರೆ ಕಂಡಿದ್ದರು.

ಅಳಿಯ ಎರಡು ಜಾಗ ತೋರಿಸಿದ. ಒಂದು ಗುಡ್ಡದ ಇಳಿಜಾರಿನ ಒಣ ನೆಲ, ಎರಡು ತೆಂಗಿನ ಮರ, ಮಿಕ್ಕಿದ್ದೆಲ್ಲ ಕಲ್ಲು. ಇನ್ನೊಂದು ಅದರ ಕೆಳಗೆ ತೋಡಿನ, ಎಂದರೆ ಸಣ್ಣ ಹಳ್ಳದ, ಪಕ್ಕದ ಗದ್ದೆ. ಕಪ್ಪು ಮಣ್ಣು, ವರ್ಷವಿಡೀ ನೀರು. ಅಪ್ಪ ಎರಡರ ಬೆಲೆಯನ್ನೂ ಕೇಳಿದರು. ಗುಡ್ಡದ ಬೆಲೆ ಗದ್ದೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿತ್ತು. ಅಪ್ಪ ಮುಖದಲ್ಲಿ ಏನೂ ತೋರಿಸದೆ ಕಾರಿನ ಹತ್ತಿರ ಬಂದರು. ಬಾಗಿಲು ಹಾಕಿಕೊಂಡ ಮೇಲೆ, "ಈ ಜನುಕ್ಕೆ ಗದ್ದೆ ಬೆಲೆ ಗೊತ್ತಿಲ್ಲ ಕಣವ್ವ. ಕಲ್ಲುಗುಡ್ಡಕ್ಕೆ ಅಷ್ಟು ಯೋಳ್ತಾರೆ, ಬಂಗಾರದಂಥ ಗದ್ದೆಗೆ ಇಷ್ಟೇಯ" ಎಂದರು. ಒಂದು ಇಡೀ ನಾಡಿನ ಜನರಿಗೆ ತಮ್ಮ ಭೂಮಿಯ ಬೆಲೆ ತಿಳಿಯದೆ ಇರುವುದು ಹೇಗೆ ಎಂದು ನಾನು ಕೇಳಿದೆ. "ಮೀನು ತಿನ್ನೋರು" ಎಂದರು ಅಪ್ಪ. ಅವರಿಗೆ ಅಷ್ಟು ವಿವರಣೆ ಸಾಕಾಗಿತ್ತು.

ಆದರೆ ಪರಿಶೀಲನೆ ಮಾಡದೆ ಅಪ್ಪ ಹೆಜ್ಜೆ ಇಡುವವರಲ್ಲ. ಮಣ್ಣು ನೆಕ್ಕಿದರು. ತೋಡಿನ ನೀರು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಏರುತ್ತದೆ ಎಂದು ವಿಚಾರಿಸಿದರು. ಅಲ್ಲಿಯ ಚಹಾದಂಗಡಿಯಲ್ಲಿ, ಭಾಷೆ ಬಾರದಿದ್ದರೂ, ಅರ್ಧ ದಿನ ಕೂತು ಜನ ಜಗಳಗಂಟರಲ್ಲ ಎಂದು ತೀರ್ಮಾನಿಸಿದರು. ಕೊನೆಗೆ ಕಾಗದ ಪತ್ರ ನೋಡಲು ವಿಲ್ಲೇಜ್ ಆಫೀಸಿಗೆ ಹೋದೆವು, ನಮ್ಮ ಕಡೆಯ ನಾಡಕಚೇರಿ ಇದ್ದ ಹಾಗೆ. ಅಲ್ಲಿಯ ಆಫೀಸರ್ ಒಬ್ಬ ಹೆಂಗಸು, ಕಾಸರಗೋಡಿನವರು, ಚೆನ್ನಾಗಿ ಕನ್ನಡ ಆಡುತ್ತಿದ್ದರು. ಹಾಗಾಗಿ ಮುಂದೆ ಆದದ್ದಕ್ಕೆ ಭಾಷೆಯನ್ನು ದೂರುವಂತಿಲ್ಲ.

"ಇದು ಅಸಲಿ ಗದ್ದೆನೇ ತಾನೆ?" ಎಂದು ಅಪ್ಪ ಕೇಳಿದರು.

"ಅಸಲಿಯೇ. ಭತ್ತದ ಗದ್ದೆಗಳ ಪಟ್ಟಿಯಲ್ಲಿ ಉಂಟು" ಎಂದರು ಆಕೆ.

ಪಟ್ಟಿಯಲ್ಲಿದೆ ಎಂದು ಕೇಳಿ ಅಪ್ಪನ ಬೆನ್ನು ನೆಟ್ಟಗಾಯಿತು. "ನಾಳಿಕೆ ಯಾರಾದ್ರೂ ಇದು ಗದ್ದೆ ಅಲ್ಲ ಅಂತ ತಕರಾರು ತೆಗಿಬೌದಾ?"

"ಯಾರಿಂದಲೂ ಆಗ್ಲಿಕ್ಕಿಲ್ಲ."

"ಬೇಸಾಯಕ್ಕೆ ಏನಾದ್ರೂ ತೊಂದ್ರೆ?"

"ಬೇಸಾಯ ಬಿಟ್ಟರೆ ತೊಂದರೆ ಉಂಟು" ಎಂದರು ಆ ಹೆಣ್ಣುಮಗಳು, ನಗದೆ.

ಇದಕ್ಕಿಂತ ಸ್ಪಷ್ಟವಾಗಿ ಯಾವ ಅಧಿಕಾರಿಯೂ ಯಾರಿಗೂ ಹೇಳಿರಲಾರರು. ಅಪ್ಪ ಹೊರಗೆ ಬಂದು, "ಇಂಥ ಆಫೀಸರು ನಮ್ಮಲ್ಲಿ ಒಬ್ರಿದ್ರೆ ಸಾಕಾಗಿತ್ತು" ಎಂದರು. ನನಗೂ ಆಕೆ ಬಹಳ ಹಿಡಿಸಿದರು. ಮನೆ ಎಂಬ ಮಾತು ಮಾತ್ರ ಆ ಮೇಜಿನ ಮೇಲೆ ಬರಲಿಲ್ಲ. ಅದು ನಮ್ಮ ಗುಟ್ಟು, ಮಾರುವವರ ಕಿವಿಗೆ ಬೀಳದ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದೆವು. ಅಪ್ಪ ಕೇಳಿದ್ದಕ್ಕೆ ಎಲ್ಲರೂ ಸರಿಯಾದ ಉತ್ತರವನ್ನೇ ಕೊಟ್ಟರು.

ರಿಜಿಸ್ಟ್ರಿಗೆ ತಂಗಿ ಬಂದಳು, ಏಕೆಂದರೆ ಅವಳ ಹೆಸರಿಗೆ ಆಗಬೇಕಿತ್ತು. ಅದಕ್ಕೆ ಮೊದಲು ಆ ಜಾಗವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಹೆಣ್ಣುಮಕ್ಕಳಿಗೆ ಕೊಡುವ ಭೂಮಿಯನ್ನು ಹೆಣ್ಣುಮಕ್ಕಳಿಗೆ ತೋರಿಸಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಕೊಡುವ ಪದ್ಧತಿಯೇ ಹೊಸದು. ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಅಪ್ಪ ಗದ್ದೆಯತ್ತ ಕೈ ತೋರಿಸಿದರು. "ಅಗಾ, ಅದೇ ಕಣವ್ವ. ಮೂಡ್ಲಾಗಿ ಬಾಗ್ಲು ಮಡಗಿದ್ರೆ ತೋಡು ಕಾಣ್ತದೆ." ತಂಗಿ ನೋಡಿದಳು. ಏನೋ ಹೇಳಲು ಹೊರಟವಳು ಸುಮ್ಮನಾದಳು. ಸಂತೋಷಕ್ಕೆ ಮಾತು ಕಟ್ಟಿತು ಎಂದುಕೊಂಡೆವು. ಕಚೇರಿಯಲ್ಲಿ ಗುಮಾಸ್ತರು ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿದಳು, ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ಅಪ್ಪ ತಮ್ಮ ಟವೆಲ್ಲನ್ನೇ ಕೊಟ್ಟರು.

ಖಾತೆ ಎಲ್ಲ ಬದಲಾದ ಮೇಲೆ ಅಪ್ಪ ನಮ್ಮೂರಿನಿಂದ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಪೂಜೆ ಅಲ್ಲ, ಬರೀ ಅಳತೆ. ಅಳತೆಗೆ ಹೆಣ್ಣುಮಕ್ಕಳು ಯಾಕೆ ಎಂದು ತಂಗಿಗೆ ತಿಳಿಸಲಿಲ್ಲ. ನಾನು ಹೆಣ್ಣುಮಗಳಾದರೂ ಡ್ರೈವರ್ ಆದ್ದರಿಂದ ಇದ್ದೆ. ಅಳಿಯ ಬೈಕಿನಲ್ಲಿ ಬಂದ. ಮೇಸ್ತ್ರಿ ಗದ್ದೆಯ ಮೂಲೆಯಲ್ಲಿ ಗೂಟ ಹೊಡೆದು, ದಾರ ಎಳೆದು, ಸುಣ್ಣದ ಪುಡಿ ಚೆಲ್ಲುತ್ತಾ ಹೊರಟ. ಅಡುಗೆಮನೆ ಬರುವ ಮೂಲೆಯಲ್ಲಿ ಅಪ್ಪ ತಾವೇ ನಿಂತುಕೊಂಡರು. ಗದ್ದೆ ಮಾರಿದ ಹಿರಿಯರು ಕೊಡೆ ಹಿಡಿದು ಆ ದಾರಿಯಲ್ಲೇ ಹೋಗುತ್ತಿದ್ದವರು ನಿಂತು ನೋಡಿದರು, ಬದುವಿನ ಮೇಲೆ ಬಂದು ಇನ್ನೂ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಅಳಿಯನನ್ನು ಮಲಯಾಳದಲ್ಲಿ ಏನೋ ಕೇಳಿದರು. ಅಳಿಯ ಅಪ್ಪನ ಕಡೆ ತಿರುಗಿದ.

"ಮಾವ, ಇದು ಮನೆಗಾ?"

"ಮತ್ತೆ? ಬಣವೆ ಆಕಕ್ಕೆ ಮೇಸ್ತ್ರಿ ಕರ್ಕಂಡು ಬಂದಿದ್ದೀನಾ?"

"ಇದು ನಿಲಂ ಮಾವ. ಭತ್ತದ ನೆಲ. ಇಲ್ಲಿ ಮನೆ ಕಟ್ಲಿಕ್ಕೆ ಬಿಡಲ್ಲ. ಪಂಚಾಯ್ತಿ ಪರ್ಮಿಟ್ ಕೊಡಲ್ಲ. ಮಣ್ಣು ತುಂಬ್ಸಿದ್ರೆ ಕೇಸು. ಮನೆಗಾದ್ರೆ ಆ ಮೇಲಿನ ಗುಡ್ಡ ತಗೋಬೇಕಿತ್ತು."

"ಮೊದ್ಲೇ ಯಾಕೆ ಯೋಳ್ಲಿಲ್ಲ?"

"ಗದ್ದೆ ನೋಡಿ ಅಂದ್ರಿ, ಗದ್ದೆ ನೋಡ್ದೆ. ಬೇಸಾಯಕ್ಕೆ ಅಂದ್ರಿ. ಮನೆಗೆ ಅಂತ ನೀವು ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ನಿಮ್ಮನ್ನ ನಾನು ಹೆಂಗೆ ಕೇಳೋದು ಮಾವ" ಎಂದ ಅಳಿಯ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಮಾವನ ಮಾತನ್ನು ಅಕ್ಷರಶಃ ನಡೆಸಿಕೊಟ್ಟ ಅಳಿಯಂದಿರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ. ಮೇಸ್ತ್ರಿ ಯಾರ ಮುಖವನ್ನೂ ನೋಡದೆ ದಾರ ಸುತ್ತಿಕೊಂಡ. ಕೊಡೆಯ ಹಿರಿಯರು ಅಪ್ಪನ ಭುಜ ಮುಟ್ಟಿ ಏನೋ ಸಮಾಧಾನ ಹೇಳಿದರು. ಗದ್ದೆ ಬಹಳ ಒಳ್ಳೆಯದು ಎಂದರು ಎಂದು ಅಳಿಯ ಕನ್ನಡಕ್ಕೆ ಹೇಳಿದ.

ವಾಪಸು ಹೊರಟೆವು. ಹಿಂದಿನ ಸೀಟಿನಲ್ಲಿ ಮೇಸ್ತ್ರಿ ನಿದ್ದೆ ಬಂದವನ ಹಾಗೆ ನಟಿಸುತ್ತಿದ್ದ. ಎಚ್.ಡಿ. ಕೋಟೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅಪ್ಪ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. "ಗದ್ದೇಲಿ ಮನೆ ಕಟ್ಬಾರ್ದು ಅನ್ನದು ಒಳ್ಳೆ ಕಾನೂನೇಯ" ಎಂದರು. "ಯಾರು ಮಾಡಿದ್ರೋ, ಬೇಸಾಯ ಗೊತ್ತಿರೋರೇ ಮಾಡವ್ರೆ." ಆಮೇಲೆ ಅವರ ಕಣ್ಣು ತುಂಬಿತು. ಅವ್ವ ಸತ್ತ ದಿನ ಬಿಟ್ಟರೆ ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ. ನಾನು ಬೇರೆ ಕಡೆ ನೋಡಿದೆ.

ಆ ಸಂಜೆ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು, "ಓಗ್ಲಿ ಬುಡಕ್ಕ, ಅಪ್ಪಾಜಿ ಉಂಡ್ರಾ?" ಎಂದಳು.

ಅಪ್ಪ ಸುಲಭಕ್ಕೆ ಬಿಡಲಿಲ್ಲ. ಮತ್ತೆ ಅದೇ ಆಫೀಸಿಗೆ ಹೋದೆವು. ಆಕೆ ನಮ್ಮನ್ನು ಗುರುತು ಹಿಡಿದರು. ಮನೆಗೆಂದು ಒಂದು ಮಾತು ಹೇಳಿದ್ದರೆ ಅಂದೇ ತಿಳಿಸುತ್ತಿದ್ದೆ ಎಂದರು. ಪಟ್ಟಿಯಲ್ಲಿ ಇಲ್ಲದ ಜಾಗವಾಗಿದ್ದರೆ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಬಹುದಿತ್ತು, ಬೇರೆ ನೆಲವಿಲ್ಲದ ಹಳೆಯ ಗದ್ದೆ ಮಾಲೀಕರಿಗೆ ಒಂದಿಷ್ಟು ವಿನಾಯಿತಿ ಇದೆ, ಈಚೆಗೆ ಕೊಂಡವರಿಗೆ ಅದೂ ಇಲ್ಲ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು. ಪಟ್ಟಿಯಿಂದ ತೆಗೆಸಲು ಆಗುತ್ತದೆಯೇ ಎಂದು ನಾನು ಕೇಳಿದೆ. ಆಕೆ ಎದ್ದು ಕಿಟಕಿಯಾಚೆ ನೋಡಿ, ಭತ್ತ ಬೆಳೆಯಲು ಬಾರದ ನೆಲ ಎಂದು ತೋರಿಸಬೇಕಾಗುತ್ತದೆ ಎಂದರು. ಅಪ್ಪನಿಗೆ ಅದು ಅವಮಾನವಾಯಿತು. "ಅಂಥ ಗದ್ದೆನ ಆಗಂತ ಯಾವ ಬಾಯಲ್ಲಿ ಯೋಳದು" ಎಂದು ಎದ್ದುಬಿಟ್ಟರು. ಮಾರೋಣ ಎಂದರೆ, ಗದ್ದೆ ಮಾರುವುದು ನಮ್ಮ ವಂಶದಲ್ಲಿ ಇಲ್ಲ ಎಂದರು. ನಮ್ಮ ವಂಶದಲ್ಲಿ ಗದ್ದೆಯೇ ಇರಲಿಲ್ಲ ಎನ್ನುವುದನ್ನು ನಾನು ನೆನಪಿಸಲಿಲ್ಲ. ಇನ್ನೊಂದು ಜಾಗ ಕೊಳ್ಳುವ ಶಕ್ತಿ ಅಪ್ಪನಿಗೂ ಇರಲಿಲ್ಲ, ಅಳಿಯನಿಗೂ ಇರಲಿಲ್ಲ. ತಂಗಿಯ ಮನೆ ಅಲ್ಲಿಗೆ ಮುಗಿಯಿತು.

ಮಳೆ ಹಿಡಿದಾಗ ಅಪ್ಪ ಕೆ.ಆರ್. ನಗರದ ನೆಂಟರ ಮನೆಗೆ ಹೋಗಿ ಬೀಜದ ಭತ್ತ ಕೇಳಿಕೊಂಡು ಬಂದರು. ಯಾತಕ್ಕೆ ಎಂದು ಅವರು ಕೇಳಿದ್ದಕ್ಕೆ, ಜೀವನದಲ್ಲಿ ಮೊದಲ ಸಲ ನಿಜ ಹೇಳಿದರಂತೆ: "ನನ್ನ ಮಗಳ ಗದ್ದೆಗೆ." ಸಸಿಗೆ ಒಟ್ಲು ಹಾಕಿದರು. ಉಳಲು ಅಳಿಯ ಟಿಲ್ಲರ್ ತಂದ. ಮಾವನೂ ಅಳಿಯನೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎಲ್ಲಿ ನೀರು ಒಡೆಯಬೇಕು ಎಂದು ವಾದ ಮಾಡುವುದನ್ನು ನೋಡಿದೆ. ಕೆಸರಿನಲ್ಲಿ ಬಹುವಚನ ಬಹಳ ಹೊತ್ತು ನಿಲ್ಲುವುದಿಲ್ಲ. "ಅಲ್ಲಿ ಒಡಿಬ್ಯಾಡ ಕಣಪ್ಪ, ಇಲ್ಲಿ ಒಡಿ" ಎನ್ನುತ್ತಿದ್ದರು ಅಪ್ಪ. ಆದರೂ ಊಟದ ಹೊತ್ತಿಗೆ ಅವರು ಕಾರಿನ ಹತ್ತಿರ ಬಂದು ತಮ್ಮ ಬುತ್ತಿಯನ್ನೇ ಬಿಚ್ಚುತ್ತಿದ್ದರು.

ನಾಟಿಯ ದಿನ ಹತ್ತಿರದ ಹಾಡಿ ಹೆಣ್ಣುಮಕ್ಕಳು ಬಂದಿದ್ದರು. ನಾಟಿಯ ದಿನ ಗದ್ದೆಯವರು ಆಳುಗಳಿಗೆ ಗದ್ದೆಯಲ್ಲೇ ಬೇಯಿಸಿ ಹಾಕಬೇಕು, ಹಾಕಿ ತಾವೂ ಅವರ ಜೊತೆ ಕೂತು ಉಣ್ಣಬೇಕು. ಇದು ಅಪ್ಪ ನಮ್ಮೂರಲ್ಲಿ ಹೊಗೆಸೊಪ್ಪಿನ ಸಸಿ ನೆಡುವಾಗಲೂ ಕಟ್ಟುನಿಟ್ಟಾಗಿ ನಡೆಸುವ ಪದ್ಧತಿ. ಆಳಿಗೆ ಒಂದು ಊಟ, ಯಜಮಾನನಿಗೆ ಒಂದು ಊಟ ಮಾಡುವ ಮನೆಯ ಬಾಗಿಲನ್ನೇ ಅವರು ತುಳಿಯುವುದಿಲ್ಲ. ಇಲ್ಲಿ ಗದ್ದೆಯವಳು ನನ್ನ ತಂಗಿ. ಅವಳು ಬೆಳಿಗ್ಗೆಯೇ ಬಂದು ಬದುವಿನ ಅಗಲವಾದ ಜಾಗದಲ್ಲಿ ಮೂರು ಕಲ್ಲು ಹೂಡಿ, ತವರಿನಿಂದ ತಂದಿದ್ದ ಅವ್ವನ ಪಾತ್ರೆಗಳನ್ನು ಏರಿಸಿ, ಅನ್ನ, ಹುರುಳಿ ಸಾರು, ಕುಂಬಳಕಾಯಿ ಪಲ್ಯ ಮಾಡಿದಳು. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತರು, ಅಳಿಯನೂ ಕೂತ. ಎಲೆ ಹಾಕಿದ್ದಾಯಿತು. ಅಪ್ಪ ಬುತ್ತಿ ಹಿಡಿದು ಕಾರಿನ ಕಡೆ ಹೊರಟಿದ್ದರು.

ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾಗಿದ್ದ ಹೆಂಗಸು ಎಲೆ ಮುಟ್ಟದೆ ಕೂತಿದ್ದಳು. "ಯಜಮಾನ ಉಣ್ಣಲ್ವಾ?" ಎಂದು ತನ್ನ ಹಾಡಿಯ ಕನ್ನಡದಲ್ಲಿ ಕೇಳಿದಳು. ಮಿಕ್ಕವರ ಕೈಗಳೂ ನಿಂತವು.

ಅಪ್ಪ ನಿಂತರು. ಅವರ ಪದ್ಧತಿ ಅವರನ್ನೇ ಹಿಡಿದುಕೊಂಡಿತ್ತು. ಒಲೆಯನ್ನು ನೋಡಿದರು, ಪಾತ್ರೆಗಳನ್ನು ನೋಡಿದರು, ತಂಗಿಯನ್ನು ನೋಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಈ ನೆಲ ಅವಳ ಹೆಸ್ರಲ್ಲೇ ಅದೆ ಅಲ್ವಾ?" ಎಂದರು. ನಾನು ಹೂಂ ಎಂದೆ. ಅಪ್ಪ ತೋಡಿನಲ್ಲಿ ಕೈಕಾಲು ತೊಳೆದುಕೊಂಡು ಬಂದು ಸಾಲಿನ ಕೊನೆಯಲ್ಲಿ ಕೂತರು. "ಇಕ್ಕವ್ವ" ಎಂದರು.

ತಂಗಿ ಬಡಿಸಿದಳು. ಅಪ್ಪ ತಲೆ ತಗ್ಗಿಸಿಕೊಂಡು ಉಂಡರು. ಸಾರು ಇನ್ನೊಮ್ಮೆ ಹಾಕಿಸಿಕೊಂಡರು. "ಉಪ್ಪು ಒಂಚೂರು ಮುಂದು" ಎಂದು ಹೇಳಿದರು. ಅವಳು "ಊಂ ಅಪ್ಪಾಜಿ" ಎಂದಳು.

ಊಟವಾದ ಮೇಲೆ ನಾವಿಬ್ಬರೂ ತೋಡಿನಲ್ಲಿ ಪಾತ್ರೆ ತಿಕ್ಕುತ್ತಾ ಕೂತೆವು. ಮನೆ ಆಗಲಿಲ್ಲವಲ್ಲ ಎಂದು ನಾನು ಶುರು ಮಾಡಿದೆ. ಅವಳು ಬೂದಿ ತೆಗೆದುಕೊಂಡು ಪಾತ್ರೆಯ ತಳ ಉಜ್ಜುತ್ತಿದ್ದಳು.

"ರಿಜಿಸ್ಟ್ರಿ ದಿನವೇ ನಂಗೆ ಗೊತ್ತಿತ್ತು ಕಣಕ್ಕ. ಗದ್ದೇಲಿ ಮನೆ ಕಟ್ಟಕ್ಕೆ ಬುಡಲ್ಲ ಅಂತ ಇಲ್ಲಿ ಎಲ್ರಿಗೂ ಗೊತ್ತು."

"ಮತ್ತೆ ಯಾಕೆ ಸೈನ್ ಆಕ್ದೆ?"

"ಯೋಳನ ಅಂತ ಬಾಯಿ ತೆಗೆದೆ. ಆಮೇಲೆ ಬ್ಯಾಡ ಅನ್ನುಸ್ತು." ಪಾತ್ರೆಯನ್ನು ನೀರಿನಲ್ಲಿ ಅದ್ದಿ ತೆಗೆದಳು. "ಮನೆ ಆಗಿದ್ರೆ ಅಪ್ಪಾಜಿ ಒಂದಿನ ಬಂದು, ಉಂಡು, ಒಂಟೋಗೋರು. ಕೊಟ್ಟ ಮಾತು ತೀರ್ತು ಅನ್ನೋರು. ಗದ್ದೆ ಅಂದ್ರೆ ನೀರಿಗೆ ಬರ್ಬೇಕು, ಕಳೆಗೆ ಬರ್ಬೇಕು, ಕುಯ್ಲಿಗೆ ಬರ್ಬೇಕು. ಬರೋ ವರ್ಸ ತಿರ್ಗಾ ಬರ್ಬೇಕು. ನೀನು ಅಪ್ಪಾಜಿಗೆ ಯೋಳ್ಬ್ಯಾಡ."

ಹೇಳುವುದಿಲ್ಲ ಎಂದೆ. ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು. ನನಗೆ ಬಂದದ್ದು ಹೊಟ್ಟೆಕಿಚ್ಚು. ಹುಣಸೂರಿನಲ್ಲಿ ನನಗೆ ಸ್ವಂತ ಮನೆ ಇದೆ. ಸೈಟಿನ ಪ್ರತಿಯೊಂದು ನಿಯಮವನ್ನೂ ಅಪ್ಪನೇ ನಿಂತು ನೋಡಿ, ಎಲ್ಲ ಸರಿ ಇದೆ ಎಂದ ಮೇಲೆ ಕಟ್ಟಿದ್ದು. ಗೃಹಪ್ರವೇಶದ ದಿನ ಅಪ್ಪ ಬಂದು ಉಂಡು ಹೋದರು. ಆಮೇಲೆ ಆ ಮನೆಯಲ್ಲಿ ಅವರು ಉಂಡಿಲ್ಲ.